ಚಳಿಗಾಲದ ರಜೆಯೂ ನಗರದ ಸಂಸಾರವೂ

ಡಿಸೆಂಬರ್ ತಿಂಗಳ ಕೊನೆಯ ವಾರ ಸಮೀಪಿಸಿತೆಂದರೆ ಬೆಂಗಳೂರಿನ ಸಂಸಾರವಂದಿಗರಿಗೆ ಒಂದು ಸಮಸ್ಯೆ ತಲೆದೋರುತ್ತದೆ. ನಗರದ ಅನೇಕ ಶಾಲೆಗಳಿಗೆ ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ಬಿಡುವು. ತಂದೆತಾಯಿಗಳಲ್ಲಿ ಒಬ್ಬರಿಗಾದರೂ ಮೂರು ನಾಲ್ಕು ದಿನಗಳ ರಜೆ ದೊರೆಯುತ್ತದೆ. ಊರಿಗೆ ಹೋಗೋಣವೆಂದರೆ ರೈಲಿನಲ್ಲಿ ಸ್ಥಳವಿಲ್ಲ; ಮನೆಯಲ್ಲಿಯೇ ಇರೋಣವೆಂದರೆ ಮಕ್ಕಳ ಕೈಯಿಂದ ಮೊಬೈಲು ಇಳಿಯುವುದಿಲ್ಲ. ‘ಈ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು?’ ಎಂಬ ಪ್ರಶ್ನೆ ಮನೆಮನೆಯಲ್ಲಿಯೂ ಏಳುತ್ತದೆ. ಬಹುಮಟ್ಟಿಗೆ ಎಲ್ಲ ಮನೆಗಳಲ್ಲಿಯೂ ಅದಕ್ಕೆ ಒಂದೇ ಉತ್ತರ ದೊರೆಯುತ್ತದೆ. ಎಲ್ಲರೂ ಕೂಡಿ ಯಾವುದಾದರೊಂದು ಮಾಲಿಗೆ ಹೊರಡುತ್ತಾರೆ.

ಅಲ್ಲಿ ಕಾಣುವುದೇನು? ಛಾವಣಿಯವರೆಗೆ ಏರಿದ ಕೃತಕ ದೇವದಾರು, ಅದರ ಮೇಲೆ ಹತ್ತಿಯ ಹಿಮ, ಅದರ ಸುತ್ತ ಸಾವಿರಾರು ದೀಪಗಳು. ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ. ಮಕ್ಕಳು ಹಿಗ್ಗುವುದರಲ್ಲಿ ತಪ್ಪೇನೂ ಇಲ್ಲ. ಹಬ್ಬದ ಅಲಂಕಾರವನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಆದರೆ ಭೂಮಧ್ಯರೇಖೆಯಿಂದ ೧೩ ಡಿಗ್ರಿಯಷ್ಟು ಮಾತ್ರ ಉತ್ತರಕ್ಕಿರುವ, ಹಿಮವೆಂಬುದನ್ನೇ ಕಂಡರಿಯದ ನಮ್ಮ ಊರಿನ ಮಗುವೊಂದನ್ನು ‘ಚಳಿಗಾಲವೆಂದರೇನು?’ ಎಂದು ಕೇಳಿ ನೋಡಿ. ಹಿಮ ಬೀಳುವುದು ಎನ್ನುತ್ತದೆ. ತನ್ನ ತಲೆಯ ಮೇಲಿನ ಚಳಿಗಾಲವನ್ನು ಅದು ಕಂಡೇ ಇಲ್ಲ. ನಡುಹಗಲಿನಲ್ಲಿಯೂ ಓರೆಯಾಗಿಯೇ ಬೀಳುವ ಬಿಸಿಲು, ಮಳೆಗಾಲ ಹಿಂದೆಗೆದ ಮೇಲೆ ತೊಳೆದಿಟ್ಟಂತಾಗುವ ಇರುಳ ಆಕಾಶ, ಇವು ನಮ್ಮ ಚಳಿಗಾಲ. ಇವಕ್ಕೆ ಪ್ರವೇಶಶುಲ್ಕವಿಲ್ಲ, ಆದುದರಿಂದಲೇ ಏನೋ, ಇವುಗಳ ಜಾಹೀರಾತೂ ಇಲ್ಲ.

ಎಲ್ಲರೂ ಮಾಲುಗಳಿಗೇ ಹೋಗುತ್ತಾರೆಂದು ನಾನು ಹೇಳುತ್ತಿಲ್ಲ. ವಿದ್ಯಾವಂತರಾದ ತಂದೆತಾಯಿಗಳು ಮಕ್ಕಳನ್ನು ವಿಜ್ಞಾನದ ವಸ್ತುಸಂಗ್ರಹಾಲಯಕ್ಕೂ ತಾರಾಲಯಕ್ಕೂ ಕರೆದೊಯ್ಯುವುದುಂಟು. ಬೆಂಗಳೂರಿನ ಭಾಗ್ಯವೆಂದರೆ ಇಲ್ಲಿ ೧೯೬೫ರಿಂದಲೂ ವಿಶ್ವೇಶ್ವರಯ್ಯನವರ ಹೆಸರಿನ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ. ೧೯೮೯ರಿಂದ ಜವಾಹರಲಾಲ್ ನೆಹರೂ ತಾರಾಲಯವಿದೆ. ಇಂಥ ಊರಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಇನ್ನೇನು ಕೊರತೆ ಎಂದು ಕೇಳಬಹುದು. ಕೊರತೆ ಕಟ್ಟಡಗಳದ್ದಲ್ಲ, ನಾವು ಅವುಗಳನ್ನು ನೋಡುವ ರೀತಿಯದು. ಪರರನ್ನು ದೂರುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಮೇಲು.

ಎರಡು ವರ್ಷಗಳ ಹಿಂದೆ ಇಂಥದೇ ರಜೆಯಲ್ಲಿ ನನ್ನ ಮಗಳನ್ನು ಆ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಿದ್ದೆ. ಆಗ ಅವಳಿಗೆ ಎಂಟು ವರ್ಷ. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯೊಂದು ಅಲ್ಲಿದೆ. ೧೯೦೩ನೆಯ ಇಸವಿ ಡಿಸೆಂಬರ್ ೧೭ರಂದು ಆ ಯಂತ್ರ ಮೊದಲ ಬಾರಿಗೆ ೧೨ ಸೆಕೆಂಡುಗಳ ಕಾಲ ಹಾರಿ ೧೨೦ ಅಡಿ, ಎಂದರೆ ಸುಮಾರು ೩೬ ಮೀಟರ್ ದೂರ ಹೋಯಿತೆಂದು ಅವಳಿಗೆ ಗಂಭೀರವಾಗಿ ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಇಷ್ಟೇನೇ? ಹನ್ನೆರಡು ಸೆಕೆಂಡಿನಲ್ಲಿ ಅಷ್ಟು ದೂರ ನಾನೂ ಓಡುತ್ತೇನಲ್ಲ!” ಎಂದಳು. ತಾರಾಲಯದ ಪ್ರದರ್ಶನಕ್ಕೆ ಟಿಕೀಟು ಕೊಂಡಿದ್ದೆ, ಹೊತ್ತಾಗಿತ್ತು. “ದೊಡ್ಡವಳಾದ ಮೇಲೆ ಓದುತ್ತೀಯೆ, ಈಗ ನಡೆ” ಎಂದು ಕೈಹಿಡಿದು ಎಳೆದುಕೊಂಡು ಬಂದೆ. ಆ ದಿನ ಮುಂದೆ ಅವಳು ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ತೋರಿಸಿದುದನ್ನೆಲ್ಲ ನೋಡಿದಳು. ಒತ್ತೆಂದ ಗುಂಡಿಗಳನ್ನೆಲ್ಲ ಒತ್ತಿದಳು.

ರಾತ್ರಿ ಮಲಗಿದಾಗ ನನಗೆ ಹೊಳೆಯಿತು: ಆ ಮಗು ಕೇಳಿದುದು ಆ ಯಂತ್ರದ ಮರ್ಮವನ್ನೇ. ನೆಲದ ಲೆಕ್ಕದಲ್ಲಿ ಅದರ ವೇಗ ಸೆಕೆಂಡಿಗೆ ಮೂರೇ ಮೀಟರ್. ಹುಡುಗಿಯೊಬ್ಬಳು ಅದನ್ನು ಹಿಂದೆ ಹಾಕಬಲ್ಲಳು. ಆದರೆ ಅಂದು ಎದುರಿನಿಂದ ಗಂಟೆಗೆ ಸುಮಾರು ೪೦ ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿತ್ತು. ರೆಕ್ಕೆಗೆ ನೆಲದ ಗೊಡವೆಯಿಲ್ಲ; ತನ್ನನ್ನು ಹಾದು ಹೋಗುವ ಗಾಳಿಯ ವೇಗವೊಂದೇ ಅದಕ್ಕೆ ಮುಖ್ಯ. ಆ ಲೆಕ್ಕದಲ್ಲಿ ಯಂತ್ರದ ವೇಗ ಗಂಟೆಗೆ ೫೦ ಕಿಲೋಮೀಟರ್ ಆಯಿತು. ಹತ್ತು ನಿಮಿಷ ಅಲ್ಲಿಯೇ ನಿಂತು, ಕೈಯಲ್ಲಿದ್ದ ಕಾಗದವೊಂದನ್ನು ಊದಿ ಎತ್ತಿ ತೋರಿಸಿದ್ದರೆ ಸಾಕಾಗಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವುದೇ ವೃತ್ತಿಯಾಗಿರುವ ನಾನು, ಭೌತಶಾಸ್ತ್ರದ ನಿಜವಾದ ಪ್ರಶ್ನೆಯೊಂದು ಎದುರಿಗೆ ಬಂದಾಗ ಅದಕ್ಕೆ ಬೆನ್ನು ತೋರಿಸಿದ್ದೆ. ಮರುದಿನ ಅವಳನ್ನು ಕೂರಿಸಿಕೊಂಡು ಹೇಳಹೊರಟಾಗ ಅವಳ ಗಮನ ಬೇರೆ ಕಡೆಗೆ ಹರಿದಿತ್ತು.

ಇದರಿಂದ ನಾನು ಕಲಿತುದನ್ನೇ ಈ ಲೇಖನದ ಅಭಿಪ್ರಾಯವಾಗಿ ಮಂಡಿಸುತ್ತಿದ್ದೇನೆ. ರಜೆಯಲ್ಲಿ ಹತ್ತು ಸ್ಥಳಗಳನ್ನು ತೋರಿಸುವುದಕ್ಕಿಂತ ಎರಡು ಮೂರು ಸಂಗತಿಗಳನ್ನು ಮಕ್ಕಳೊಡನೆ ತಾವೂ ಕುಳಿತು ನೋಡುವುದು ಮೇಲು. ಅದಕ್ಕಾಗಿ ಬೇಕಾದುದು ಹಣವಲ್ಲ, ಅವಸರವಿಲ್ಲದ ಹೊತ್ತು. ಬೆಂಗಳೂರಿನಂಥ ನಗರದಲ್ಲಿ ಇದು ಹೇಗೆ ಸಾಧ್ಯವೆಂಬುದಕ್ಕೆ ಮೂರು ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು ಒಂದು ಕೋಲಿನ ಕೆಲಸ. ಮನೆಯ ತಾರಸಿಯ ಮೇಲೆ ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಹನ್ನೆರಡು ಗಂಟೆಯಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಸೀಮೆಸುಣ್ಣದಿಂದ ಗುರುತು ಮಾಡಿರಿ. ಸೂರ್ಯನನ್ನು ನೇರವಾಗಿ ಎಂದೂ ನೋಡಕೂಡದು. ಇಲ್ಲಿ ನೋಡಬೇಕಾದುದು ನೆರಳನ್ನು ಮಾತ್ರ. ಗಡಿಯಾರ ಹನ್ನೆರಡು ಹೊಡೆದಾಗ ನೆರಳು ಅತಿ ಗಿಡ್ಡವಾಗಿರುವುದೆಂದು ಮಕ್ಕಳು ತಿಳಿದಿರುತ್ತಾರೆ. ದೊಡ್ಡವರೂ ಹಾಗೆಯೇ ತಿಳಿದಿರುತ್ತಾರೆ. ಆದರೆ ಡಿಸೆಂಬರ್ ೨೫ರ ಸುಮಾರಿಗೆ ಬೆಂಗಳೂರಿನಲ್ಲಿ ಅದು ಅತಿ ಗಿಡ್ಡವಾಗುವುದು ೧೨ ಗಂಟೆ ೨೦ ನಿಮಿಷಕ್ಕೆ. ನಮ್ಮ ದೇಶದ ಗಡಿಯಾರಗಳೆಲ್ಲ ೮೨½ ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸಿ ನಡೆಯುತ್ತವೆ. ನಾವು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದ್ದೇವೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮ ನೆತ್ತಿಯ ರೇಖೆಗೆ ಇಪ್ಪತ್ತು ನಿಮಿಷ ತಡವಾಗಿ ಬರುತ್ತಾನೆ. ಗಡಿಯಾರದ ಮಧ್ಯಾಹ್ನ ಬೇರೆ, ಸೂರ್ಯನ ಮಧ್ಯಾಹ್ನ ಬೇರೆ ಎಂಬುದನ್ನು ಸೀಮೆಸುಣ್ಣದ ಗುರುತುಗಳೇ ಹೇಳುತ್ತವೆ.

ಆ ನೆರಳಿನ ಉದ್ದ ಸುಮಾರು ೭೪ ಸೆಂಟಿಮೀಟರ್ ಬರುತ್ತದೆ. ಒಂದು ವಾರ ಬಿಟ್ಟು ಜನವರಿ ಒಂದರಂದು ಅಳೆದರೆ ಒಂದು ಸೆಂಟಿಮೀಟರಿನಷ್ಟು ಮಾತ್ರ ಕಡಮೆಯಾಗಿರುತ್ತದೆ. ಇದನ್ನು ಕಂಡು ಮಕ್ಕಳಿಗೆ ನಿರಾಶೆಯಾಗುವುದು ಸಹಜ. ಆಗ ‘ನಿಮ್ಮ ಅಳತೆ ತಪ್ಪಿರಬೇಕು’ ಎನ್ನದೆ, ಸಂಕ್ರಾಂತಿಯ ದಿನ ಮತ್ತೆ ಅಳೆಯೋಣವೆನ್ನಿ. ಅಂದು ನೆರಳು ೬೮ ಸೆಂಟಿಮೀಟರಿಗೆ ಇಳಿದಿರುತ್ತದೆ. ಮೇಲಕ್ಕೆಸೆದ ಚೆಂಡು ತುದಿಯಲ್ಲಿ ಕ್ಷಣಕಾಲ ನಿಂತಂತೆ ತೋರಿ ಬಳಿಕ ವೇಗವಾಗಿ ಇಳಿಯುತ್ತದಷ್ಟೆ. ಹಾಗೆಯೇ ದಕ್ಷಿಣದ ತುದಿಯನ್ನು ಮುಟ್ಟಿದ ಸೂರ್ಯ ಕೆಲವು ದಿನ ನಿಂತಂತೆ ತೋರಿ, ಅನಂತರ ಉತ್ತರಕ್ಕೆ ಸರಿಯುವ ವೇಗವನ್ನು ಹೆಚ್ಚಿಸಿಕೊಳ್ಳುತ್ತಾನೆ. ಈ ತಿರುವು ನಡೆಯುವುದು ಡಿಸೆಂಬರ್ ೨೧ ಅಥವಾ ೨೨ರಂದು. ಹಾಗಿದ್ದರೆ ಉತ್ತರಾಯಣವನ್ನು ನಾವು ಜನವರಿ ೧೪ರ ಸುಮಾರಿಗೆ ಆಚರಿಸುವುದೇಕೆ? ಭೂಮಿಯ ಅಕ್ಷ ಬುಗುರಿಯ ಹಾಗೆ ಮೆಲ್ಲಮೆಲ್ಲನೆ ತೂಗುವುದರಿಂದ, ನಕ್ಷತ್ರಗಳನ್ನು ಆಧರಿಸಿದ ಸಂಕ್ರಾಂತಿಯೂ ಸೂರ್ಯನ ನಿಜವಾದ ತಿರುವೂ ಸುಮಾರು ೭೨ ವರ್ಷಗಳಿಗೆ ಒಂದು ದಿನದಂತೆ ಅಗಲುತ್ತ ಬಂದಿವೆ. ಇಪ್ಪತ್ತನಾಲ್ಕು ದಿನಗಳ ಅಂತರಕ್ಕೆ ಸುಮಾರು ಸಾವಿರದ ಏಳುನೂರು ವರ್ಷಗಳು ಬೇಕಾದವು. ಹಬ್ಬದ ದಿನ ಎಳ್ಳುಬೆಲ್ಲ ತಿನ್ನುತ್ತ ಮಾತನಾಡುವುದಕ್ಕೆ ಇದಕ್ಕಿಂತ ಒಳ್ಳೆಯ ವಿಷಯವುಂಟೇ?

ಗವಿಪುರದ ಗಂಗಾಧರೇಶ್ವರನ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ಕಾಣಲು ಸಾವಿರಾರು ಜನ ನೆರೆಯುತ್ತಾರೆ. ಕೋಲಿನ ನೆರಳನ್ನು ಅಳೆದ ಮಗುವನ್ನು, ‘ವರ್ಷದಲ್ಲಿ ಇನ್ನೊಮ್ಮೆಯೂ ಹೀಗಾಗಬೇಕಲ್ಲವೇ?’ ಎಂದು ಕೇಳಿರಿ. ತಿರುವಿನ ದಿನದಿಂದ ಮುಂದಕ್ಕೆ ಎಷ್ಟು ದಿನಗಳೋ ಹಿಂದಕ್ಕೂ ಅಷ್ಟೇ ದಿನಗಳನ್ನು ಎಣಿಸಿದರೆ ನವೆಂಬರ್ ಕೊನೆಗೆ ಬರುತ್ತೇವೆ. ಆ ದಿನಗಳಲ್ಲಿಯೂ ಸೂರ್ಯನ ಹಾದಿ ಅದೇ. ಆಗಲೂ ಬಿಸಿಲು ಲಿಂಗವನ್ನು ಮುಟ್ಟುತ್ತದೆ. ಇದನ್ನು ತಿಳಿದುದರಿಂದ ಭಕ್ತಿಗೆ ಕುಂದೇನೂ ಇಲ್ಲ. ಗುಡಿಯನ್ನು ಹಾಗೆ ಯೋಜಿಸಿದ ಹಿಂದಿನವರ ಬಗೆಗೆ ಗೌರವ ಹೆಚ್ಚುವುದೇ ಸರಿ.

ಎರಡನೆಯ ನಿದರ್ಶನ ಲಾಲ್‌ಬಾಗಿನ ಬಂಡೆ. ಲಾಲ್‌ಬಾಗಿಗೆ ಹೋಗದ ಸಂಸಾರವಿಲ್ಲ. ಗಾಜಿನ ಮನೆಯ ಮುಂದೆ ಚಿತ್ರ ತೆಗೆಸಿಕೊಳ್ಳದ ಮಕ್ಕಳಿಲ್ಲ. ಆದರೆ ಕೆಂಪೇಗೌಡನ ಗೋಪುರವಿರುವ ಆ ಬೋಳು ಬಂಡೆಯ ಮೇಲೆ ಓಡಾಡುವವರಲ್ಲಿ ಎಷ್ಟು ಮಂದಿ ಅದನ್ನು ನೋಡಿದ್ದಾರೆ? ಅದು ನೈಸ್ ಎಂಬ ಜಾತಿಯ ಶಿಲೆ. ಸುಮಾರು ೩೦೦ ಕೋಟಿ ವರ್ಷಗಳಷ್ಟು ಹಳೆಯದು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಎಂಬವರು ಇಂಥ ಶಿಲೆಗಳಿಗೆ ೧೯೧೬ರಲ್ಲಿ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು; ಲಾಲ್‌ಬಾಗಿನ ಬಂಡೆ ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲೊಂದು. ಅದರ ಮೇಲೆ ಕುಳಿತು ಬಿಳಿಯ ಹಾಗೂ ಕಪ್ಪು ಪಟ್ಟೆಗಳ ಮೇಲೆ ಬೆರಳಾಡಿಸಿರಿ. ಆಳದಲ್ಲಿ ಕಾವಿಗೂ ಒತ್ತಡಕ್ಕೂ ಸಿಕ್ಕಿ ಮಡಿಚಿ ಬಾಗಿದ ಗುರುತುಗಳವು.

ಮುನ್ನೂರು ಕೋಟಿ ಎಂಬ ಸಂಖ್ಯೆ ಮಗುವಿಗೆ ಏನನ್ನೂ ಹೇಳುವುದಿಲ್ಲ. ನಿಜ ಹೇಳಬೇಕೆಂದರೆ ನಮಗೂ ಹೇಳುವುದಿಲ್ಲ. ಹೊಸ ವರ್ಷದ ಹಿಂದಿನ ಸಂಜೆ ಈ ಲೆಕ್ಕವನ್ನು ಮಾಡಿ ನೋಡಬಹುದು. ಆ ಬಂಡೆಯ ಆಯುಷ್ಯವನ್ನೆಲ್ಲ ಒಂದೇ ವರ್ಷಕ್ಕೆ ಕುಗ್ಗಿಸಿ, ಬಂಡೆ ಹುಟ್ಟಿದುದು ಜನವರಿ ಒಂದರ ಮೊದಲ ಕ್ಷಣವೆಂದು ಭಾವಿಸೋಣ. ನಮ್ಮಂಥ ಮನುಷ್ಯರು ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು ಮೂರು ಲಕ್ಷ ವರ್ಷಗಳಾದವು. ಎಂದರೆ ನಾವು ಬಂದುದು ಡಿಸೆಂಬರ್ ೩೧ರ ರಾತ್ರಿ ೧೧ ಗಂಟೆ ೮ ನಿಮಿಷದ ಹೊತ್ತಿಗೆ. ಕೆಂಪೇಗೌಡ ೧೫೩೭ರಲ್ಲಿ ಬೆಂಗಳೂರಿಗೆ ಕೋಟೆ ಹಾಕಿಸಿದುದು ಹನ್ನೆರಡು ಹೊಡೆಯುವುದಕ್ಕೆ ಐದು ಸೆಕೆಂಡುಗಳಿರುವಾಗ. ಜನರು ಹೊಸ ವರ್ಷಕ್ಕಾಗಿ ‘ಐದು, ನಾಲ್ಕು, ಮೂರು’ ಎಂದು ಕೂಗುವ ಆ ಕ್ಷಣಗಳಲ್ಲಿಯೇ ನಮ್ಮ ಊರಿನ ಇತಿಹಾಸವೆಲ್ಲ ಅಡಗಿದೆಯೆಂದು ತಿಳಿದ ಮಗು ಆ ಕೂಗನ್ನು ಬೇರೆ ಕಿವಿಯಿಂದಲೇ ಕೇಳುತ್ತದೆ.

ಮೂರನೆಯದು ಆಕಾಶ. ನಗರದ ದೀಪಗಳು ನಕ್ಷತ್ರಗಳಲ್ಲಿ ಬಹುಪಾಲನ್ನು ನುಂಗಿಹಾಕಿವೆ ಎಂಬುದು ನಿಜವಾದ ದುಃಖವೇ. ಆದರೂ ಡಿಸೆಂಬರ್ ಕೊನೆಯ ರಾತ್ರಿಗಳಲ್ಲಿ ಎಂಟು ಒಂಬತ್ತು ಗಂಟೆಯ ಹೊತ್ತಿಗೆ ಪೂರ್ವದಲ್ಲಿ ಎದ್ದು ನಿಲ್ಲುವ ಮಹಾವ್ಯಾಧನನ್ನು ಯಾವ ಬೀದಿದೀಪವೂ ಅಳಿಸಲಾರದು. ಅವನ ನಡುಪಟ್ಟಿಯ ಮೂರು ನಕ್ಷತ್ರಗಳನ್ನು ಮಗು ತಾನೇ ಗುರುತಿಸುತ್ತದೆ. ಕೆಂಪಗಿರುವ ಆರ್ದ್ರಾ, ನಡುಪಟ್ಟಿಯ ಗೆರೆಯನ್ನು ಕೆಳಕ್ಕೆ ಎಳೆದರೆ ಸಿಗುವ ಲುಬ್ಧಕ, ಮೇಲಕ್ಕೆ ಎಳೆದರೆ ಸಿಗುವ ರೋಹಿಣಿ, ಅದರಾಚೆ ಕೃತ್ತಿಕೆ, ಇಷ್ಟು ಒಂದು ಸಂಜೆಗೆ ಧಾರಾಳವಾಯಿತು. ಲುಬ್ಧಕನ ಬೆಳಕು ನಮ್ಮನ್ನು ಮುಟ್ಟಲು ಎಂಟೂವರೆ ವರ್ಷಗಳಿಗಿಂತ ತುಸು ಹೆಚ್ಚು ಬೇಕು. ನಿಮ್ಮ ಮಗುವಿಗೆ ಅಷ್ಟೇ ವಯಸ್ಸಾಗಿದ್ದರೆ, ‘ನೀನು ಹುಟ್ಟಿದಾಗ ಹೊರಟ ಬೆಳಕು ಈ ರಾತ್ರಿ ನಿನ್ನ ಕಣ್ಣಿಗೆ ಬಂದು ಸೇರಿತು’ ಎಂದು ಹೇಳಬಹುದು. ಇನ್ನೂ ಸ್ವಲ್ಪ ಹೊತ್ತು ಎಚ್ಚರವಿದ್ದರೆ ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರವೂ ಕಾಣುತ್ತದೆ. ಹತ್ತಿಯ ಹಿಮವನ್ನು ನಮಗೆ ಕಳಿಸಿಕೊಟ್ಟ ಲಂಡನ್ನಿನ ಮಕ್ಕಳು ತಮ್ಮ ಊರಿನಿಂದ ಅದನ್ನು ಎಂದಿಗೂ ನೋಡಲಾರರು. ಅಲ್ಲಿ ಅದು ದಿಗಂತವನ್ನು ದಾಟಿ ಮೇಲಕ್ಕೆ ಬರುವುದೇ ಇಲ್ಲ. ಈ ಐಶ್ವರ್ಯ ನಮ್ಮ ಮಕ್ಕಳದು.

ಇಷ್ಟನ್ನೂ ಓದಿದ ಮೇಲೆ ಕೆಲವರು ಆಕ್ಷೇಪಿಸಬಹುದು. ‘ವರ್ಷವಿಡೀ ಪಾಠ, ಮನೆಪಾಠ, ಕೋಚಿಂಗು, ರಜೆಯಲ್ಲಾದರೂ ಮಕ್ಕಳನ್ನು ಆಟಕ್ಕೆ ಬಿಡಬಾರದೇ?’ ಎಂಬುದು ಮೊದಲನೆಯ ಆಕ್ಷೇಪಣೆ. ಬಿಡಲೇಬೇಕು. ನಾನು ಹೇಳಿದ ಯಾವುದನ್ನೂ ಪಾಠವಾಗಿ ಮಾಡಕೂಡದು. ಟಿಪ್ಪಣಿ ಬರೆಸಕೂಡದು, ಮರುದಿನ ಪ್ರಶ್ನೆ ಕೇಳಕೂಡದು, ಮಗುವಿಗೆ ಬೇಸರವಾದರೆ ಆ ಕ್ಷಣವೇ ನಿಲ್ಲಿಸಬೇಕು. ರಜೆಯ ಕೋಚಿಂಗ್ ತರಗತಿಗಳಿಗೆ ನಾನು ಮಾಲುಗಳಿಗಿಂತಲೂ ಹೆಚ್ಚು ಹೆದರುತ್ತೇನೆ. ಅಲ್ಲಿ ಉತ್ತರಗಳನ್ನು ಮೊದಲು ಕೊಟ್ಟು ಪ್ರಶ್ನೆಗಳನ್ನು ಆಮೇಲೆ ಹೊಂದಿಸುತ್ತಾರೆ. ಹಾಗೆ ಬೆಳೆದು ನನ್ನ ತರಗತಿಗೆ ಬರುವ ಹುಡುಗರಲ್ಲಿ ಎಷ್ಟೋ ಮಂದಿ ಸೂತ್ರಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಚಳಿಗಾಲದಲ್ಲಿ ಚಳಿಯೇಕೆ ಎಂದರೆ ಭೂಮಿ ಸೂರ್ಯನಿಂದ ದೂರವಿರುತ್ತದೆ ಎನ್ನುತ್ತಾರೆ. ವಾಸ್ತವವಾಗಿ ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವುದು ಜನವರಿಯ ಮೊದಲ ವಾರದಲ್ಲಿ. ಆಗಿನ ದೂರ ೧೪.೭ ಕೋಟಿ ಕಿಲೋಮೀಟರ್, ಜುಲೈಯಲ್ಲಿ ೧೫.೨ ಕೋಟಿ. ಬಾಲ್ಯದಲ್ಲಿ ಒಮ್ಮೆ ಕೋಲಿನ ನೆರಳನ್ನು ಅಳೆದಿದ್ದರೆ, ಓರೆ ಬಿಸಿಲೇ ಕಾರಣವೆಂದು ಅವರಿಗೆ ತಾನಾಗಿಯೇ ಹೊಳೆಯುತ್ತಿತ್ತು.

‘ನಾವು ವಿಜ್ಞಾನ ಓದಿದವರಲ್ಲ, ಮಕ್ಕಳು ಕೇಳಿದರೆ ಏನು ಹೇಳುವುದು?’ ಎಂಬುದು ಎರಡನೆಯ ಆಕ್ಷೇಪಣೆ. ‘ನನಗೆ ಗೊತ್ತಿಲ್ಲ, ನೋಡೋಣ’ ಎಂದು ಹೇಳಿದರೆ ಸಾಕು. ಎಲ್ಲವನ್ನೂ ಬಲ್ಲ ತಂದೆಗಿಂತ ಜೊತೆಯಲ್ಲಿ ಹುಡುಕುವ ತಂದೆ ಮಗುವಿಗೆ ಹೆಚ್ಚಿನ ಗುರು. ಎಲ್ಲವನ್ನೂ ಬಲ್ಲೆನೆಂದುಕೊಂಡಿದ್ದ ನಾನು ಆ ವಿಮಾನದ ಮುಂದೆ ಏನು ಮಾಡಿದೆನೆಂಬುದನ್ನು ಆಗಲೇ ಹೇಳಿದ್ದೇನೆ.

ಮೂರನೆಯ ಆಕ್ಷೇಪಣೆಗೆ ಮಾತ್ರ ನನ್ನಲ್ಲಿ ಪೂರ್ಣವಾದ ಉತ್ತರವಿಲ್ಲ. ಈ ನಗರದಲ್ಲಿ ರಜೆಯೇ ಇಲ್ಲದ ಸಂಸಾರಗಳು ಎಷ್ಟೋ ಇವೆ. ಉಳಿದವರ ಹಬ್ಬದ ವಾರವೇ ಅಂಗಡಿಯಾಳಿಗೆ, ಆಟೋ ಓಡಿಸುವವನಿಗೆ, ಮನೆಗೆಲಸದವಳಿಗೆ ಹೆಚ್ಚು ದುಡಿಮೆಯ ವಾರ. ಅವರ ಮಕ್ಕಳಿಗೆ ಬಂಡೆಯನ್ನೂ ನಕ್ಷತ್ರವನ್ನೂ ಯಾರು ತೋರಿಸಬೇಕು? ನನ್ನಂಥವರು ತಲೆ ತಗ್ಗಿಸಬೇಕಾದುದು ಇಲ್ಲಿಯೇ. ನಾನು ಕಂಡ ಕಾಲೇಜುಗಳಲ್ಲಿ ಅನೇಕ ಕಡೆ ಚಿಕ್ಕದೊಂದು ದೂರದರ್ಶಕವಿದೆ. ಮಸೂರ, ಅಶ್ರಗ, ಲೋಲಕಗಳಿವೆ. ರಜೆ ಬಂದೊಡನೆ ಪ್ರಯೋಗಶಾಲೆಗೆ ಬೀಗ ಬೀಳುತ್ತದೆ. ಆಕಾಶ ಅತ್ಯಂತ ಶುಭ್ರವಾಗಿರುವ ರಾತ್ರಿಗಳಲ್ಲಿ ದೂರದರ್ಶಕ ಕಪಾಟಿನೊಳಗೆ ಧೂಳು ತಿನ್ನುತ್ತಿರುತ್ತದೆ.

ಚಳಿಗಾಲದ ರಜೆಯಲ್ಲಿ ಎರಡೇ ಎರಡು ಸಂಜೆ ಪ್ರತಿಯೊಂದು ಕಾಲೇಜೂ ತನ್ನ ಪ್ರಯೋಗಶಾಲೆಯನ್ನೂ ತಾರಸಿಯನ್ನೂ ನೆರೆಹೊರೆಯ ಸಂಸಾರಗಳಿಗೆ ತೆರೆದಿಡಬೇಕೆಂಬುದು ನನ್ನ ಸಲಹೆ. ಹೊತ್ತು ಇಳಿದ ಮೇಲೆ ನಡೆಯುವುದರಿಂದ, ದುಡಿದು ಬಂದವರೂ ಮಕ್ಕಳ ಕೈಹಿಡಿದು ಬರಬಹುದು. ಅವರು ಬರಲಾಗದಿದ್ದರೆ ಅವರ ಮಕ್ಕಳಾದರೂ ನಡೆದು ಬರುವಷ್ಟು ಹತ್ತಿರದಲ್ಲಿ ಕಾಲೇಜು ಇರುತ್ತದೆ. ಉಪಕರಣಗಳು ಒಡೆದಾವೆಂದು ಅಧಿಕಾರಿಗಳು ಅಂಜಬಹುದು; ಒಂದೆರಡು ಮಸೂರಗಳು ಒಡೆದರೆ ಒಡೆಯಲಿ. ಇದು ಹೊಸ ಮಾತೂ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಬಾಗಿಲನ್ನು ವರ್ಷಕ್ಕೊಂದು ದಿನ ಸಾರ್ವಜನಿಕರಿಗೆ ತೆರೆದಿಡುವ ಪದ್ಧತಿಯನ್ನು ಇಟ್ಟುಕೊಂಡಿದೆ. ಅಂದು ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಎಚ್. ನರಸಿಂಹಯ್ಯನವರು ೧೯೬೨ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ಮನ್ನು ಆರಂಭಿಸಿ ಸಾಮಾನ್ಯ ಜನರನ್ನು ವಿಜ್ಞಾನದ ಉಪನ್ಯಾಸಗಳಿಗೆ ಬರಮಾಡಿಕೊಂಡರು. ಜನರಿಗೆ ಆಸಕ್ತಿಯಿಲ್ಲವೆಂಬ ಮಾತನ್ನು ಈ ಊರು ಬಹು ಹಿಂದೆಯೇ ಸುಳ್ಳು ಮಾಡಿದೆ.

ಈ ವರ್ಷ ನನ್ನ ವಿಭಾಗದ ಬೀಗದ ಕೈಯನ್ನು ಕೇಳಿ ಅರ್ಜಿ ಬರೆದುಕೊಟ್ಟಿದ್ದೇನೆ. ಅನುಮತಿ ಬಾರದಿದ್ದರೆ ನಮ್ಮ ಮನೆಯ ತಾರಸಿಯಿದೆ. ಕೋಲು ಆಗಲೇ ಅಲ್ಲಿ ನಿಂತಿದೆ. ಏಪ್ರಿಲ್ ೨೪ ಅಥವಾ ೨೫ರಂದು ಮಧ್ಯಾಹ್ನ ಸೂರ್ಯ ಬೆಂಗಳೂರಿನ ನೆತ್ತಿಗೆ ನೇರವಾಗಿ ಬಂದು ಅದರ ನೆರಳು ಸಂಪೂರ್ಣವಾಗಿ ಕಾಣದಾಗುವುದೆಂದು ಮಗಳಿಗೆ ಹೇಳಿದೆ. ಅವಳು ನಂಬಲಿಲ್ಲ, “ಅಲ್ಲಿಯವರೆಗೆ ಕೋಲನ್ನು ಯಾರೂ ತೆಗೆಯಬೇಡಿ, ನಾನೇ ನೋಡುತ್ತೇನೆ” ಎಂದಳು. ಆ ಮಾತನ್ನು ಕೇಳಿ ನನಗೆ ಎಷ್ಟೋ ಸಮಾಧಾನವಾಯಿತು.